ಏರಿದ ಅಣುವೆಲ್ಲ ಕಾರಣವಲ್ಲ

ರಕ್ತಪರೀಕ್ಷೆಯ ವರದಿಯಲ್ಲಿ ಒಂದು ಸಂಖ್ಯೆ ದಪ್ಪಕ್ಷರದಲ್ಲಿ ಕಂಡರೆ ಸಾಕು, ನಾವು ಎರಡು ತೀರ್ಮಾನಗಳನ್ನು ಒಂದೇ ಉಸಿರಿನಲ್ಲಿ ಮಾಡಿಬಿಡುತ್ತೇವೆ. ಮಿತಿ ಮೀರಿದ ಆ ಅಣುವೇ ಕಾಯಿಲೆಯ ಕಾರಣ ಎಂಬುದು ಒಂದು. ಅದನ್ನು ಇಳಿಸಿದರೆ ಕಾಯಿಲೆಯೂ ಇಳಿಯುತ್ತದೆ ಎಂಬುದು ಇನ್ನೊಂದು. ಇದು ರೋಗಿಗಳ ನಂಬಿಕೆ ಮಾತ್ರವಲ್ಲ. ಪತ್ರಿಕೆಗಳ ಆರೋಗ್ಯ ಪುಟ, ಲ್ಯಾಬ್‌ಗಳ ‘ಫುಲ್ ಬಾಡಿ ಚೆಕಪ್’ ಜಾಹೀರಾತು, ಯೂಟ್ಯೂಬಿನ ಪಥ್ಯಬೋಧಕರು, ಕೆಲವು ವೈದ್ಯರು ಕೂಡ ಇದೇ ನೆಲದ ಮೇಲೆ ನಿಂತು ಮಾತಾಡುತ್ತಾರೆ. ಮೊದಲನೆಯ ತೀರ್ಮಾನ ಬಹಳ ಸಲ ತಪ್ಪು, ಎರಡನೆಯದು ಇನ್ನೂ ಹೆಚ್ಚು ಸಲ ತಪ್ಪು ಎಂಬುದು ನನ್ನ ವಾದ. 2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ, 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಇಂಥ ದೇಶದಲ್ಲಿ ಈ ತಪ್ಪು ಸಣ್ಣದಲ್ಲ.

ರಕ್ತದಲ್ಲಿ ಸಾವಿರಾರು ಬಗೆಯ ಸಣ್ಣ ಅಣುಗಳು ಸುತ್ತುತ್ತಿರುತ್ತವೆ. ತಿಂದ ಅನ್ನ, ಯಕೃತ್ತು, ಸ್ನಾಯು, ಕೊಬ್ಬಿನ ಕೋಶಗಳು, ಕರುಳಿನ ಬ್ಯಾಕ್ಟೀರಿಯಾ ಎಲ್ಲವೂ ಅದಕ್ಕೆ ತಮ್ಮ ಪಾಲನ್ನು ಸುರಿಯುತ್ತವೆ. ಅಂಗಾಂಗಗಳು ತಮಗೆ ಬೇಕಾದ್ದನ್ನು ಎತ್ತಿಕೊಂಡು ಉರಿಸುತ್ತವೆ, ಮೂತ್ರಪಿಂಡ ಉಳಿದದ್ದನ್ನು ಹೊರಹಾಕುತ್ತದೆ. ಕೆರೆಯ ನೀರು ಏರಿದ್ದು ಮಳೆ ಹೆಚ್ಚಾಗಿಯೋ ತೂಬು ಕಟ್ಟಿಕೊಂಡೋ ಎಂಬುದನ್ನು ಬರೀ ನೀರಿನ ಮಟ್ಟ ನೋಡಿ ಹೇಳಲಾಗುವುದಿಲ್ಲ. ಲ್ಯಾಬಿನವರು ನಮಗೆ ಕೊಡುವುದು ಮಟ್ಟವನ್ನು ಮಾತ್ರ.

ಹೋಮೋಸಿಸ್ಟೀನ್ ಎಂಬ ಅಮೈನೋ ಆಮ್ಲದ ಚರಿತ್ರೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನಾವು ಕಲಿಯಬೇಕಾದ ಪಾಠ ಅಷ್ಟೂ ಅದರಲ್ಲಿದೆ. ಮಿಥಿಯೋನೀನ್ ಎಂಬ ಇನ್ನೊಂದು ಅಮೈನೋ ಆಮ್ಲವನ್ನು ಶರೀರ ಬಳಸಿಕೊಂಡಾಗ ಹೋಮೋಸಿಸ್ಟೀನ್ ಉಳಿಯುತ್ತದೆ. ಬಿ12 ಮತ್ತು ಫೋಲೇಟ್ ಅದನ್ನು ಮತ್ತೆ ಮಿಥಿಯೋನೀನ್ ಆಗಿ ತಿರುಗಿಸುತ್ತವೆ. ಬಿ6 ನೆರವಿನಿಂದ ಇನ್ನೊಂದು ದಾರಿಯಲ್ಲೂ ಅದು ಖರ್ಚಾಗುತ್ತದೆ. ಹಾರ್ವರ್ಡ್‌ನಲ್ಲಿದ್ದ ರೋಗಶಾಸ್ತ್ರಜ್ಞ ಕಿಲ್ಮರ್ ಮೆಕಲಿ 1969ರಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಿದರು. ಹುಟ್ಟಿನಿಂದಲೇ ಕಿಣ್ವದೋಷವಿದ್ದು ಸತ್ತ ಎರಡು ಮಕ್ಕಳ ರಕ್ತನಾಳಗಳು ವೃದ್ಧರ ರಕ್ತನಾಳಗಳಂತೆ ದಪ್ಪಗಟ್ಟಿದ್ದವು. ಎರಡು ಮಕ್ಕಳ ಕಿಣ್ವದೋಷ ಒಂದೇ ಅಲ್ಲ; ಇಬ್ಬರಿಗೂ ಸಮಾನವಾಗಿದ್ದದ್ದು ರಕ್ತದಲ್ಲಿ ಏರಿದ್ದ ಹೋಮೋಸಿಸ್ಟೀನ್. ಹಾಗಾದರೆ ರಕ್ತನಾಳ ಕೆಡಿಸಿದ್ದು ಅದೇ ಇರಬೇಕು ಎಂದು ಅವರು ತರ್ಕಿಸಿದರು. ಕೊಲೆಸ್ಟ್ರಾಲ್ ಒಂದನ್ನೇ ನೋಡುತ್ತಿದ್ದ ಆ ಕಾಲ ಅವರ ಮಾತಿಗೆ ಕಿವಿಗೊಡಲಿಲ್ಲ. ಅವರು ಹಾರ್ವರ್ಡ್ ಬಿಡಬೇಕಾಯಿತು. 1990ರ ದಶಕದಲ್ಲಿ ಗಾಳಿ ತಿರುಗಿತು. ಹೋಮೋಸಿಸ್ಟೀನ್ ಹೆಚ್ಚಿರುವವರಲ್ಲಿ ಹೃದಯಾಘಾತವೂ ಹೆಚ್ಚು ಎಂದು ಸಮೀಕ್ಷೆಯ ಮೇಲೆ ಸಮೀಕ್ಷೆ ಹೇಳತೊಡಗಿತು. ಇಳಿಸುವ ಮದ್ದೂ ಕೈಯಲ್ಲೇ ಇತ್ತು: ಮೂರು ಬಿ ವಿಟಮಿನ್ನುಗಳು, ಅಗ್ಗದವು, ಯಾರಿಗೂ ಭಯವಿಲ್ಲದವು.

ಆಮೇಲೆ ದೊಡ್ಡ ಪ್ರಯೋಗಗಳು ನಡೆದವು. ನಾರ್ವೆಯ ನಾರ್ವಿಟ್ ಪ್ರಯೋಗದಲ್ಲಿ ಹೃದಯಾಘಾತ ಕಂಡಿದ್ದ 3,749 ಜನರಿದ್ದರು. ಹೋಪ್–2 ಪ್ರಯೋಗದಲ್ಲಿ 5,522 ಜನ. ಎರಡರ ಫಲಿತಾಂಶವೂ 2006ರಲ್ಲಿ ಹೊರಬಂತು. ವಿಟಮಿನ್ ಕೊಟ್ಟವರಲ್ಲಿ ಹೋಮೋಸಿಸ್ಟೀನ್ ನಿರೀಕ್ಷೆಯಂತೆ ಇಳಿಯಿತು, ನಾರ್ವೆಯಲ್ಲಿ ಕಾಲು ಭಾಗಕ್ಕಿಂತ ಹೆಚ್ಚೇ ಇಳಿಯಿತು. ಹೃದಯಾಘಾತ ಇಳಿಯಲಿಲ್ಲ. ನಾರ್ವೆಯಲ್ಲಿ ಮೂರೂ ವಿಟಮಿನ್ ಒಟ್ಟಿಗೆ ನುಂಗಿದವರ ಸ್ಥಿತಿ ಸ್ವಲ್ಪ ಕೆಟ್ಟ ಕಡೆಗೇ ವಾಲಿತ್ತು. ಮೆಕಲಿಯವರ ತರ್ಕ ದುರ್ಬಲವಾಗಿತ್ತು ಎಂದು ನಾನು ಹೇಳುವುದಿಲ್ಲ. ಆ ಮಕ್ಕಳ ಮಟ್ಟಿಗೆ ಅದು ಸರಿಯಾಗಿಯೇ ಇತ್ತು. ತಪ್ಪಿದ್ದು ಅಲ್ಲಿಂದ ಇಲ್ಲಿಗೆ ಹಾರಿದ ಹಾರಿಕೆಯಲ್ಲಿ. ಕಿಣ್ವವೇ ಇಲ್ಲದ ಮಗುವಿನ ರಕ್ತದಲ್ಲಿ ಹೋಮೋಸಿಸ್ಟೀನ್ ಹತ್ತಾರು ಪಟ್ಟು ಏರುತ್ತದೆ. ಅರವತ್ತು ದಾಟಿದ ಸಿಗರೇಟು ಸೇದುವ ಮನುಷ್ಯನಲ್ಲಿ ಅದು ಒಂದಿಷ್ಟು ಏರಿರುತ್ತದೆ; ಏಕೆಂದರೆ ಅವನ ಮೂತ್ರಪಿಂಡ ಮಂದವಾಗಿದೆ, ವಯಸ್ಸಾಗಿದೆ, ಹೊಗೆ ಸೇರಿದೆ. ಅವನ ಹೃದಯವನ್ನು ಕೆಡಿಸುತ್ತಿರುವುದೂ ಅವೇ.

ಇಷ್ಟಕ್ಕೇ ನಿಲ್ಲಿಸಿದರೆ ‘ಹೋಮೋಸಿಸ್ಟೀನ್ ಎಂಬುದು ವ್ಯರ್ಥ ಪರೀಕ್ಷೆ’ ಎಂಬ ಇನ್ನೊಂದು ಸುಲಭ ತೀರ್ಮಾನಕ್ಕೆ ಬೀಳುತ್ತೇವೆ. ಚೀನಾದಲ್ಲಿ 20,702 ರಕ್ತದೊತ್ತಡದ ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒತ್ತಡದ ಮಾತ್ರೆಯ ಜೊತೆ ಫೋಲಿಕ್ ಆಮ್ಲ (ಫೋಲೇಟಿನ ಮಾತ್ರೆಯ ರೂಪ) ಪಡೆದವರಿಗೆ ಪಾರ್ಶ್ವವಾಯು ಸುಮಾರು ಐದರಲ್ಲೊಂದು ಭಾಗ ಕಡಿಮೆಯಾಯಿತು. ಅಲ್ಲಿ ಹಿಟ್ಟಿಗೆ ಫೋಲಿಕ್ ಆಮ್ಲ ಬೆರೆಸುವ ಪದ್ಧತಿ ಇರಲಿಲ್ಲ, ಫೋಲೇಟ್ ಕೊರತೆ ನಿಜವಾಗಿಯೂ ಇತ್ತು. ಕೊರತೆ ಇದ್ದಲ್ಲಿ ಕೊರತೆ ನೀಗಿಸಿದರೆ ಫಲ. ಕೊರತೆ ಇಲ್ಲದಲ್ಲಿ ಸಂಖ್ಯೆಯನ್ನಷ್ಟೇ ಕೆಳಗಿಳಿಸಿದರೆ ಏನೂ ಇಲ್ಲ.

ಈಗ ನಮ್ಮ ಊರಿನ ವಿಷಯ. ನಮ್ಮಲ್ಲಿ ಹೋಮೋಸಿಸ್ಟೀನ್ ಏರಿರುವವರು ಬಹಳ, ಅದರ ಮುಖ್ಯ ಕಾರಣ ಬಿ12 ಕೊರತೆ. ಗಿಡಮರಗಳು ಬಿ12 ತಯಾರಿಸುವುದಿಲ್ಲ, ಪ್ರಾಣಿಗಳೂ ತಯಾರಿಸುವುದಿಲ್ಲ; ಅದನ್ನು ಮಾಡುವುದು ಬ್ಯಾಕ್ಟೀರಿಯಾ ಮಾತ್ರ. ಮಾಂಸ, ಮೀನು, ಮೊಟ್ಟೆ, ಒಂದಿಷ್ಟು ಹಾಲಿನ ಮೂಲಕ ನಮಗೆ ಸಿಗಬೇಕು. ಮುದ್ದೆ–ಸಾರು, ಅನ್ನ–ಹುಳಿ, ಸಂಜೆ ಒಂದು ಲೋಟ ನೀರು ಕಾಫಿ ಎಂಬ ದಿನಚರಿಯಲ್ಲಿ ಅದು ಬರುವ ಬಾಗಿಲು ಕಿರಿದು. ವಾರಕ್ಕೊಮ್ಮೆ ಕೋಳಿ ತಿನ್ನುವ ಮನೆಗಳಲ್ಲೂ ಕೊರತೆ ಇರಬಹುದು. ಇಂಥ ಒಬ್ಬರ ವರದಿಯಲ್ಲಿ ಹೋಮೋಸಿಸ್ಟೀನ್ ‘ಹೃದಯದ ಅಪಾಯ’ ಎಂಬ ತಲೆಬರಹದ ಕೆಳಗೆ ಅಚ್ಚಾಗಿ ಬರುತ್ತದೆ. ಅವರು ಹೆದರುತ್ತಾರೆ. ಔಷಧಿ ಅಂಗಡಿಯಲ್ಲಿ ಸುಲಭವಾಗಿ ಸಿಗುವ ಫೋಲಿಕ್ ಆಮ್ಲದ ಮಾತ್ರೆ ಕೊಳ್ಳುತ್ತಾರೆ. ಹೋಮೋಸಿಸ್ಟೀನ್ ಒಂದಿಷ್ಟು ಇಳಿಯುತ್ತದೆ, ಮುಂದಿನ ವರದಿ ಸಮಾಧಾನ ಕೊಡುತ್ತದೆ. ಬಿ12 ಕೊರತೆ ಇದ್ದ ಹಾಗೇ ಇರುತ್ತದೆ, ನರಗಳು ಸವೆಯುತ್ತ ಹೋಗುತ್ತವೆ.

ಇದು ಹೊಸ ಎಚ್ಚರಿಕೆಯಲ್ಲ. 1940ರ ದಶಕದಲ್ಲಿ ಫೋಲಿಕ್ ಆಮ್ಲ ಕಾರ್ಖಾನೆಯಲ್ಲಿ ತಯಾರಾದಾಗ ಬಿ12 ಕೊರತೆಯ ರಕ್ತಹೀನತೆಗೂ ಅದನ್ನೇ ಕೊಟ್ಟರು. ರೋಗಿಗಳ ರಕ್ತ ಚೇತರಿಸಿಕೊಂಡಿತು, ಸಂಖ್ಯೆಗಳು ಸರಿಯಾದವು, ಕಾಲುಗಳ ಸ್ಪರ್ಶ ಮಾತ್ರ ಮರಗಟ್ಟುತ್ತ ಹೋಯಿತು. ಫೋಲೇಟಿನ ಕತೆ ಶುರುವಾದದ್ದೇ ನಮ್ಮ ದೇಶದಲ್ಲಿ ಎಂಬುದನ್ನು ಇಲ್ಲಿ ನೆನೆಯಬೇಕೆನಿಸುತ್ತದೆ: ಲೂಸಿ ವಿಲ್ಸ್ ಎಂಬ ವೈದ್ಯೆ 1928ರಿಂದ ಮುಂಬೈಯಲ್ಲಿ ಗರ್ಭಿಣಿಯರ ರಕ್ತಹೀನತೆಯನ್ನು ಅಧ್ಯಯನ ಮಾಡಿ, ಯೀಸ್ಟಿನ ಸಾರದಿಂದ ಅದು ಗುಣವಾಗುತ್ತದೆ ಎಂದು ತೋರಿಸಿದರು. ಫೋಲಿಕ್ ಆಮ್ಲ ಶತ್ರು ಎಂದು ಯಾರೂ ಭಾವಿಸಬಾರದು. ಗರ್ಭ ಧರಿಸುವ ಮುಂಚಿನಿಂದಲೇ ಅದನ್ನು ತೆಗೆದುಕೊಂಡರೆ ಮಗುವಿನ ಮೆದುಳು–ಬೆನ್ನುಹುರಿಯ ಹುಟ್ಟುದೋಷ ಬಹುಮಟ್ಟಿಗೆ ತಪ್ಪುತ್ತದೆ ಎಂಬುದು 1991ರಲ್ಲೇ ಸಾಬೀತಾದ ಸತ್ಯ. ನನ್ನ ತಕರಾರು, ಬಿ12 ಕಡೆ ಕಣ್ಣೆತ್ತದೆ ಫೋಲೇಟ್ ಒಂದನ್ನೇ ಸುರಿಯುವುದರ ಬಗ್ಗೆ.

ಆ ತಕರಾರಿಗೆ ಆಧಾರ ಪುಣೆ ಮತ್ತು ಮೈಸೂರಿನಲ್ಲಿದೆ. ಪುಣೆಯ ಕೆಇಎಂ ಆಸ್ಪತ್ರೆಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಸಂಗಡಿಗರು ಸುತ್ತಲಿನ ಹಳ್ಳಿಗಳ ತಾಯಂದಿರನ್ನೂ ಅವರ ಮಕ್ಕಳನ್ನೂ ವರ್ಷಗಟ್ಟಲೆ ಹಿಂಬಾಲಿಸಿದರು. ಗರ್ಭಿಣಿಯಾಗಿದ್ದಾಗ ಯಾರಲ್ಲಿ ಫೋಲೇಟ್ ಹೆಚ್ಚಿದ್ದು ಬಿ12 ಕಡಿಮೆ ಇತ್ತೋ ಅವರ ಮಕ್ಕಳಲ್ಲಿ ಆರು ವರ್ಷದ ಹೊತ್ತಿಗೆ ಇನ್ಸುಲಿನ್ ಪ್ರತಿರೋಧ ಎಲ್ಲರಿಗಿಂತ ಹೆಚ್ಚು ಕಂಡಿತು. ಮೈಸೂರಿನಲ್ಲಿ ಜನ ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1930ರ ದಶಕದಿಂದ ಕಾಪಾಡಿಕೊಂಡು ಬಂದ ಹೆರಿಗೆಯ ದಾಖಲೆಗಳಿವೆ. ಹುಟ್ಟುತೂಕಕ್ಕೂ ಮುಂದಿನ ಮಧುಮೇಹಕ್ಕೂ ಇರುವ ನಂಟನ್ನು ಹುಡುಕಲು ಅದು ಅಪರೂಪದ ಭಂಡಾರ. ಅಲ್ಲಿಯೇ 1997–98ರಲ್ಲಿ ಶುರುವಾದ ಪಾರ್ಥೆನಾನ್ ಅಧ್ಯಯನದಲ್ಲಿ ಗರ್ಭಿಣಿಯರ ಪೈಕಿ ಶೇ. 43 ಮಂದಿಗೆ ಬಿ12 ಕಡಿಮೆ ಇತ್ತು. ಫೋಲೇಟ್ ಕಡಿಮೆ ಇದ್ದವರು ಶೇ. 4 ಮಾತ್ರ. ಬಿ12 ಕೊರತೆಯವರಲ್ಲಿ ಗರ್ಭಕಾಲದ ಮಧುಮೇಹ ಶೇ. 8.7, ಉಳಿದವರಲ್ಲಿ ಶೇ. 4.6.

ಈ ಕೊನೆಯ ಅಂಕಿಯನ್ನು ನಾನು ಇಷ್ಟಪಟ್ಟು ಉದ್ಧರಿಸುತ್ತಿದ್ದೇನೆ, ಆದರೆ ಬೇರೆಯವರಿಗೆ ಹಾಕುವ ಅಳತೆಗೋಲನ್ನು ಇದಕ್ಕೂ ಹಾಕಬೇಕು. ಬಿ12 ಕಡಿಮೆ ಇದ್ದ ಮಹಿಳೆಯರು ಸರಾಸರಿಯಲ್ಲಿ ಹೆಚ್ಚು ದಪ್ಪವೂ ಇದ್ದರು. ತೂಕವನ್ನು ಲೆಕ್ಕಕ್ಕೆ ಹಿಡಿದಾಗ ನಂಟು ಸಡಿಲವಾಗುತ್ತದೆ. ಅಂದರೆ ಬಿ12 ಕೊರತೆ ಮಧುಮೇಹ ತರುತ್ತದೆ ಎಂದು ಮೈಸೂರಿನ ಅಧ್ಯಯನ ಒಂದರ ಬಲದ ಮೇಲೆ ಹೇಳುವಂತಿಲ್ಲ. ಹೇಳಬಹುದಾದದ್ದು ಇಷ್ಟು: ಅರ್ಧಕ್ಕೆ ಹತ್ತಿರದಷ್ಟು ಗರ್ಭಿಣಿಯರಿಗೆ ಈ ಕೊರತೆ ಇತ್ತು, ಅದನ್ನು ನೀಗಿಸಲು ಮಧುಮೇಹದ ನೆಪವೇ ಬೇಕಿಲ್ಲ. ರಕ್ತ ಮತ್ತು ನರಗಳಿಗೆ ಅದು ಬೇಕು ಎಂಬ ಕಾರಣವೇ ಸಾಕು.

ಈಗ ಜಿಮ್ಮುಗಳ ಕಡೆ ಬರೋಣ. ಅಲ್ಲಿ ‘ಬಿಸಿಎಎ’ ಎಂಬ ಡಬ್ಬಿಗಳಿವೆ. ಲ್ಯೂಸೀನ್, ಐಸೋಲ್ಯೂಸೀನ್, ವ್ಯಾಲೀನ್ ಎಂಬ ಮೂರು ಅಮೈನೋ ಆಮ್ಲಗಳ ಪುಡಿ. ಸ್ನಾಯು ಬೆಳೆಸುತ್ತದೆ ಎಂಬ ಭರವಸೆ. ಇನ್ನೊಂದು ಕಡೆ ಇದೇ ಮೂರು ಅಣುಗಳು ಮಧುಮೇಹದ ಮುನ್ಸೂಚನೆ ಎಂಬ ಸುದ್ದಿಯೂ ಹರಿದಾಡುತ್ತಿದೆ, ಅದರ ಬೆನ್ನಿಗೇ ‘ಪ್ರೋಟೀನ್ ಕಡಿಮೆ ಮಾಡಿ’ ಎಂಬ ಬೋಧೆ. ಸುದ್ದಿ ನಿಜ. ಸ್ಥೂಲಕಾಯದವರ ರಕ್ತದಲ್ಲಿ ಇವು ಹೆಚ್ಚಿವೆ ಎಂಬುದು 1969ರಲ್ಲೇ ಕಂಡಿತ್ತು. 2011ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನದ 2,422 ಜನರನ್ನು ಹನ್ನೆರಡು ವರ್ಷ ಗಮನಿಸಿದವರು, ಸಕ್ಕರೆ ಇನ್ನೂ ಸರಿಯಾಗಿದ್ದಾಗಲೇ ಯಾರಲ್ಲಿ ಈ ಮೂರು ಹಾಗೂ ಟೈರೋಸೀನ್, ಫಿನೈಲಲನೀನ್ ಹೆಚ್ಚಿದ್ದವೋ ಅವರಲ್ಲಿ ಮುಂದೆ ಮಧುಮೇಹ ಬಹಳ ಹೆಚ್ಚು ಎಂದು ವರದಿ ಮಾಡಿದರು. ಹನ್ನೆರಡು ವರ್ಷ ಮೊದಲೇ ಸಿಗುವ ಸುಳಿವು ಇದು. ನನಗೆ ಇದು ಬೆರಗಿನ ಸಂಗತಿ.

ಬೋಧೆ ಮಾತ್ರ ಸುದ್ದಿಯಿಂದ ಹುಟ್ಟುವುದಿಲ್ಲ. ಈ ಅಮೈನೋ ಆಮ್ಲಗಳನ್ನು ಉರಿಸುವ ಮುಖ್ಯ ಕಿಣ್ವ ಇನ್ಸುಲಿನ್ ಪ್ರತಿರೋಧ ಇರುವವರ ಯಕೃತ್ತಿನಲ್ಲೂ ಕೊಬ್ಬಿನ ಕೋಶಗಳಲ್ಲೂ ನಿಧಾನವಾಗುತ್ತದೆ. ಹೀಗಾಗಿ ತಟ್ಟೆಯಲ್ಲಿ ಪ್ರೋಟೀನ್ ಹೆಚ್ಚದಿದ್ದರೂ ರಕ್ತದಲ್ಲಿ ಇವು ಏರಬಹುದು. ತೂಕ ಇಳಿದರೆ ಇವೂ ಇಳಿಯುತ್ತವೆ. ವಂಶವಾಹಿಗಳ ಮೂಲಕ ಕಾರಣ ಹುಡುಕಿದ ಅಧ್ಯಯನಗಳು ಎರಡು ದಿಕ್ಕಿನಲ್ಲಿ ಮಾತಾಡಿವೆ: ಈ ಅಣುಗಳ ವಿಲೇವಾರಿಯ ದೋಷ ಮಧುಮೇಹಕ್ಕೆ ದಾರಿ ಎಂದು ಒಂದು, ಇನ್ಸುಲಿನ್ ಪ್ರತಿರೋಧವೇ ಇವನ್ನು ಏರಿಸುತ್ತದೆ ಎಂದು ಇನ್ನೊಂದು. ಎರಡೂ ಭಾಗಶಃ ನಿಜವಿರಬಹುದು. ವ್ಯಾಲೀನ್ ಒಡೆದಾಗ ಹುಟ್ಟುವ ಒಂದು ಅಣು ಸ್ನಾಯುವಿನೊಳಗೆ ಕೊಬ್ಬನ್ನು ನುಗ್ಗಿಸುತ್ತದೆ ಎಂದು ಇಲಿಗಳಲ್ಲಿ ತೋರಿಸಲಾಗಿದೆ. ಆದರೆ ಈ ಅಮೈನೋ ಆಮ್ಲಗಳನ್ನು ಉರಿಸುವ ಆ ಮುಖ್ಯ ಕಿಣ್ವ ಹುಟ್ಟಿನಿಂದಲೇ ಇಲ್ಲದ ಮಕ್ಕಳನ್ನು ನೋಡಿ. ಅವರ ರಕ್ತದಲ್ಲಿ ಲ್ಯೂಸೀನ್ ಯಾವ ಮಧುಮೇಹಿಯಲ್ಲೂ ಕಾಣದಷ್ಟು ಏರುತ್ತದೆ. ಅವರ ಕಾಯಿಲೆ ಮೆದುಳಿನದು, ಸಕ್ಕರೆಯದಲ್ಲ. ಅಣು ಒಂದೇ ಸಾಕಿದ್ದರೆ ಅವರೆಲ್ಲ ಮಧುಮೇಹಿಗಳಾಗಬೇಕಿತ್ತು.

ಇಂಡಿಯಾಬ್ ತಂಡದವರ ಆಹಾರ ಸಮೀಕ್ಷೆಯಂತೆ ಭಾರತೀಯರ ಶಕ್ತಿಯಲ್ಲಿ ಶೇ. 62ರಷ್ಟು ಬರುವುದು ಅಕ್ಕಿ, ಗೋಧಿ, ಸಕ್ಕರೆಯಂಥವುಗಳ ಶರ್ಕರಪಿಷ್ಟದಿಂದ. ಅಂಥ ಊಟದ ಮನುಷ್ಯನಿಗೆ ಬೇಳೆ, ಹುರುಳಿ, ಅವರೆಕಾಳು, ಮೊಟ್ಟೆಯ ಬಗ್ಗೆ ಭಯ ಹುಟ್ಟಿಸುವುದು ಅನ್ಯಾಯ. ಡಬ್ಬಿಯ ಪುಡಿ ಬೇಡ ಎಂಬುದು ಬೇರೆ ಮಾತು. ಊಟದಲ್ಲಿ ಸಾಕಷ್ಟು ಪ್ರೋಟೀನ್ ಇರುವವರಿಗೆ ಅದರ ಅಗತ್ಯವಿಲ್ಲ.

ಟಿಎಂಎಒ ಎಂಬ ಅಣುವಿನದೂ ಇದೇ ಹಾಡು, ಬೇಗ ಹೇಳಿ ಮುಗಿಸುತ್ತೇನೆ. ಮೊಟ್ಟೆ, ಕೆಂಪು ಮಾಂಸದಲ್ಲಿರುವ ಕೆಲವು ಅಂಶಗಳನ್ನು ಕರುಳಿನ ಬ್ಯಾಕ್ಟೀರಿಯಾ ಒಡೆದಾಗ, ಯಕೃತ್ತು ಅದರಿಂದ ಟಿಎಂಎಒ ಮಾಡುತ್ತದೆ. ಇದು ಹೃದ್ರೋಗಕ್ಕೆ ಕಾರಣ ಎಂದು 2011ರಿಂದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನ ಸ್ಟ್ಯಾನ್ಲಿ ಹೇಜನ್ ತಂಡ ವಾದಿಸುತ್ತ ಬಂದಿದೆ. ಆದರೆ ಮೊಟ್ಟೆ–ಮಾಂಸಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಟಿಎಂಎಒ ಏರಿಸುವುದು ಸಮುದ್ರದ ಮೀನು, ಅದರೊಳಗೆ ಈ ಅಣು ಸಿದ್ಧರೂಪದಲ್ಲೇ ಇದೆ. ಬಂಗುಡೆ, ಬೂತಾಯಿ ತಿನ್ನುವ ಕರಾವಳಿಯವರಿಗೆ ಹೃದಯದ ಹೆಸರಿನಲ್ಲಿ ಮೀನು ಬಿಡಿ ಎಂದು ಯಾವ ವಿವೇಕಿ ವೈದ್ಯರೂ ಹೇಳುವುದಿಲ್ಲ. ಮೂತ್ರಪಿಂಡ ಮಂದವಾದರೂ ಟಿಎಂಎಒ ಏರುತ್ತದೆ. ಮಧುಮೇಹ ಮತ್ತು ಮೂತ್ರಪಿಂಡದ ಕಾಯಿಲೆ ಅದನ್ನು ಏರಿಸುತ್ತವೆಯೇ ಹೊರತು ಅದು ಅವನ್ನು ತರುವುದಿಲ್ಲ ಎಂಬ ಕಡೆಗೆ ವಂಶವಾಹಿ ಆಧಾರಿತ ವಿಶ್ಲೇಷಣೆ ಬೆರಳು ತೋರುತ್ತದೆ.

‘ಸಕ್ಕರೆಯ ಮಟ್ಟಿಗಾದರೂ ಸಂಖ್ಯೆಯೇ ಕಾಯಿಲೆಯಲ್ಲವೇ?’ ಎಂದು ಕೇಳುವವರಿದ್ದಾರೆ. ಬಹುಮಟ್ಟಿಗೆ ಹೌದು. ಗ್ಲೂಕೋಸ್ ಇಳಿಸಿದರೆ ಕಣ್ಣು, ಮೂತ್ರಪಿಂಡ ಉಳಿಯುತ್ತವೆ ಎಂದು 1998ರ ಬ್ರಿಟಿಷ್ ಪ್ರಯೋಗ ತೋರಿಸಿತು, ಅದನ್ನು ಯಾರೂ ಮರೆಯಬಾರದು. ಆದರೆ ಇಳಿದಷ್ಟೂ ಒಳ್ಳೆಯದು ಎಂಬ ನಂಬಿಕೆಯನ್ನು 2008ರ ಅಕಾರ್ಡ್ ಪ್ರಯೋಗ ಮುರಿಯಿತು. ಹೃದ್ರೋಗದ ಅಪಾಯವಿದ್ದ 10,251 ಮಧುಮೇಹಿಗಳಲ್ಲಿ ಅರ್ಧದಷ್ಟು ಜನರಿಗೆ, ಕೆಂಪು ಕಣಗಳಿಗೆ ಅಂಟಿದ ಸಕ್ಕರೆಯ ಅಳತೆಯಾದ ಎಚ್‌ಬಿಎ1ಸಿಯನ್ನು 6ಕ್ಕಿಂತ ಕೆಳಗೆ ತರಲು ಔಷಧಿಯ ಮೇಲೆ ಔಷಧಿ ಕೊಟ್ಟರು. ಸಂಖ್ಯೆ ಚೆನ್ನಾಗಿ ಇಳಿಯಿತು. ಸುಮಾರು ಮೂರೂವರೆ ವರ್ಷದಲ್ಲಿ ಅವರಲ್ಲಿ 257 ಜನ ಸತ್ತರು, ಸಾಧಾರಣ ಚಿಕಿತ್ಸೆಯವರಲ್ಲಿ 203. ಆ ತೀವ್ರ ಚಿಕಿತ್ಸೆಯನ್ನು ಅಲ್ಲಿಗೇ ನಿಲ್ಲಿಸಬೇಕಾಯಿತು. ಮನೆಯಲ್ಲಿ ಎಂಬತ್ತರ ಅಜ್ಜಿಯ ಸಕ್ಕರೆಯನ್ನು ಮೂವತ್ತರ ಯುವಕನ ಮಟ್ಟಕ್ಕೆ ತರಬೇಕೆಂದು ಊಟ ಕಟ್ಟುವ ಮಕ್ಕಳು ಇದನ್ನು ತಿಳಿಯಬೇಕು. ಮಧುಮೇಹವೇ ಇಲ್ಲದವರು ತೋಳಿಗೆ ಸೆನ್ಸರ್ ಅಂಟಿಸಿಕೊಂಡು, ಎರಡು ಇಡ್ಲಿ ತಿಂದ ಮೇಲೆ ಗೆರೆ ಏರಿದ್ದನ್ನು ಕಂಡು ಇಡ್ಲಿಯನ್ನೇ ತೊರೆಯುವುದೂ ನಡೆದಿದೆ. ಊಟವಾದ ಮೇಲೆ ಗ್ಲೂಕೋಸ್ ಏರುವುದು, ಇನ್ಸುಲಿನ್ ಬಂದು ಇಳಿಸುವುದು ಆರೋಗ್ಯದ ಲಕ್ಷಣವೇ.

ಹಾಗಿದ್ದರೆ ಯಾವ ಅಣುವನ್ನು ನಂಬುವುದು? ಎಲ್‌ಡಿಎಲ್ ಕೊಲೆಸ್ಟ್ರಾಲ್ ಉತ್ತರ ಕೊಡುತ್ತದೆ. ಅದು ಸಣ್ಣ ಅಣುವಲ್ಲ, ಕೊಬ್ಬು ಹೊತ್ತ ಕಣ, ಆದರೂ ಕಾರಣವನ್ನು ಸಾಬೀತುಪಡಿಸುವ ಬಗೆ ಹೇಗಿರಬೇಕು ಎಂಬುದಕ್ಕೆ ಮಾದರಿ. ಹುಟ್ಟಿನಿಂದ ಅದು ಹೆಚ್ಚಿರುವ ಕುಟುಂಬಗಳಲ್ಲಿ ಎಳೆಯ ವಯಸ್ಸಿನಲ್ಲೇ ಹೃದಯಾಘಾತ, ಹುಟ್ಟಿನಿಂದ ಕಡಿಮೆ ಇರುವವರಲ್ಲಿ ರಕ್ಷಣೆ. ಸ್ಟ್ಯಾಟಿನ್‌ನಿಂದ ಇಳಿಸಿದರೂ, ಕರುಳಿನಲ್ಲಿ ಹೀರಿಕೆ ತಡೆದು ಇಳಿಸಿದರೂ, ಚುಚ್ಚುಮದ್ದಿನಿಂದ ಇಳಿಸಿದರೂ ಹೃದಯಾಘಾತ ಇಳಿಯುತ್ತದೆ. ‘ಒಳ್ಳೆಯ’ ಕೊಲೆಸ್ಟ್ರಾಲ್ ಎಂದು ನಾವೆಲ್ಲ ಬಾಯಿಪಾಠ ಮಾಡಿದ ಎಚ್‌ಡಿಎಲ್ ಈ ಪರೀಕ್ಷೆಯಲ್ಲಿ ಸೋತಿತು. ಅದನ್ನು ಭಾರಿಯಾಗಿ ಏರಿಸಿದ ಟಾರ್ಸೆಟ್ರಾಪಿಬ್ ಎಂಬ ಔಷಧಿಯ ಪ್ರಯೋಗವನ್ನು, ಸಾವುಗಳು ಹೆಚ್ಚಾದ ಕಾರಣ 2006ರಲ್ಲಿ ನಿಲ್ಲಿಸಿದರು. ಯೂರಿಕ್ ಆಮ್ಲವೂ ಹಾಗೇ: ಗೌಟ್ ನೋವಿಗೆ ಅದೇ ಕಾರಣ, ಅಲ್ಲಿ ಇಳಿಸಲೇಬೇಕು, ಆದರೆ ಹೃದ್ರೋಗಿಗಳಿಗೆ ಅಲೋಪ್ಯೂರಿನಾಲ್ ಕೊಟ್ಟ 2022ರ ಬ್ರಿಟಿಷ್ ಪ್ರಯೋಗದಲ್ಲಿ ಹೃದಯಕ್ಕೆ ಲಾಭ ಕಾಣಲಿಲ್ಲ.

ಕಾರಣವಲ್ಲದ ಅಣುವೂ ಮುನ್ಸೂಚನೆ ಕೊಡಬಲ್ಲದು, ಆದ್ದರಿಂದ ಅಳೆಯುವುದು ಲೇಸು ಎಂಬ ವಾದವಿದೆ. ನಾನು ಅದನ್ನು ಗೌರವಿಸುತ್ತೇನೆ. ಸಂಶೋಧಕರು ಅಳೆಯಲಿ, ಇನ್ನೂ ಅಳೆಯಲಿ. ಸಾಮಾನ್ಯ ಮನುಷ್ಯನ ವಿಷಯದಲ್ಲಿ ಮಾತ್ರ ನನ್ನ ಪ್ರಶ್ನೆ ಬೇರೆ: ಸಂಖ್ಯೆ ಹೇಗೇ ಬಂದರೂ ಸಲಹೆ ಒಂದೇ ಆಗಿದ್ದರೆ, ಸೊಂಟದ ಸುತ್ತಳತೆ ಇಳಿಸಿ, ನಡೆಯಿರಿ, ಅನ್ನ ತಗ್ಗಿಸಿ ಕಾಳು ಹೆಚ್ಚಿಸಿ ಎಂದೇ ಆಗಿದ್ದರೆ, ಆ ಸಲಹೆ ಕೊಡಲು ಅಳತೆಯ ಟೇಪು ಸಾಕು. ಫಲಿತಾಂಶದಿಂದ ಚಿಕಿತ್ಸೆ ಬದಲಾಗುವಂಥ ಪರೀಕ್ಷೆಗೆ ಹಣ ಮೀಸಲಿರಲಿ.

ಅಂಥ ಪರೀಕ್ಷೆ ಒಂದಿದೆ, ನಾವು ಅದನ್ನು ಮಾಡಿಸುತ್ತಿಲ್ಲ. ಮಧುಮೇಹಕ್ಕೆ ಸಾಮಾನ್ಯವಾಗಿ ಮೊದಲು ಕೊಡುವ ಮೆಟ್‌ಫಾರ್ಮಿನ್ ಒಳ್ಳೆಯ, ಅಗ್ಗದ ಔಷಧಿ. ಆದರೆ ವರ್ಷಗಟ್ಟಲೆ ನುಂಗಿದಾಗ ಅದು ಬಿ12 ಹೀರಿಕೆಯನ್ನು ತಗ್ಗಿಸುತ್ತದೆ. ಮೊದಲೇ ಬಿ12 ಕಡಿಮೆ ಇರುವ ನಮ್ಮ ಸಸ್ಯಾಹಾರಿ ಮಧುಮೇಹಿಯ ಪಾದದಲ್ಲಿ ಉರಿ, ಜೋಮು ಶುರುವಾದರೆ ‘ಶುಗರ್‌ನಿಂದ ನರ ಹೋಗಿದೆ’ ಎಂದು ಹೇಳಿ ಸಕ್ಕರೆಯ ಮಾತ್ರೆ ಹೆಚ್ಚಿಸುತ್ತಾರೆ. ಬಿ12 ಕೊರತೆಯ ರಕ್ತಹೀನತೆಯಲ್ಲಿ ಕೆಂಪು ಕಣಗಳು ರಕ್ತದಲ್ಲಿ ಹೆಚ್ಚು ಕಾಲ ಉಳಿದು, ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚಾಗಿಯೂ ಕಾಣಬಹುದು. ಆಗ ಮಾತ್ರೆ ಮತ್ತೂ ಏರುತ್ತದೆ. ಮೆಟ್‌ಫಾರ್ಮಿನ್ ದೀರ್ಘಕಾಲ ತೆಗೆದುಕೊಳ್ಳುವವರ ಬಿ12 ಅನ್ನು ಆಗಾಗ ಪರೀಕ್ಷಿಸಬೇಕೆಂದು ಅಮೆರಿಕದ ಮಧುಮೇಹ ಸಂಘದ ಮಾರ್ಗಸೂಚಿಯೇ ಹೇಳುತ್ತದೆ. ಜಿಲ್ಲಾ ಆಸ್ಪತ್ರೆಯಲ್ಲೂ ತಾಲ್ಲೂಕು ಆಸ್ಪತ್ರೆಯಲ್ಲೂ ಮೆಟ್‌ಫಾರ್ಮಿನ್ ಚೀಟಿಯ ಜೊತೆ ವರ್ಷಕ್ಕೊಮ್ಮೆ ಈ ಒಂದು ಪರೀಕ್ಷೆ ಉಚಿತವಾಗಿ ಆಗಬೇಕು, ಕಡಿಮೆ ಬಂದರೆ ಬಿ12 ಚುಚ್ಚುಮದ್ದು ಅಲ್ಲೇ ಸಿಗಬೇಕು. ಬೇಗ ಸಿಕ್ಕಿದರೆ ಆ ನರಗಳು ಬಹುಪಾಲು ಚೇತರಿಸಿಕೊಳ್ಳುತ್ತವೆ, ತಡವಾದರೆ ಇಲ್ಲ.